ವೃಕ್ಷರೂಪಿಯಾದ ಪಾಪಾಸುಕಳ್ಳಿ: ಆಂಡೀಸಿನ ಕಾರ್ಡೋನ್

ಅರ್ಜೆಂಟೀನದ ವಾಯವ್ಯ ಭಾಗ, ಬೊಲಿವಿಯ ಮತ್ತು ಚಿಲಿಗಳ ಶುಷ್ಕವಾದ ಆಂಡೀಸ್ ಪ್ರಸ್ಥಭೂಮಿಗಳಲ್ಲಿ ಕಾರ್ಡೋನ್ ಎಂಬ ಪಾಪಾಸುಕಳ್ಳಿಯು ವೃಕ್ಷದಂತೆ ಬೆಳೆಯುತ್ತದೆ. 1860ರಲ್ಲಿ ಫಿಲಿಪ್ಪಿ ಎಂಬ ಸಸ್ಯವಿಜ್ಞಾನಿಯು ಇದನ್ನು ವರ್ಣಿಸಿದನು. ಸುಮಾರು 10 ಮೀಟರಿನವರೆಗೆ ಏರುವ ಇದರ ಕಾಂಡದಲ್ಲಿ ನೀರನ್ನು ಕಾಪಿಡುವ ಮೃದುವಾದ ತಿರುಳೂ, ಅದರೊಳಗೆ ರಂಧ್ರಮಯವಾದರೂ ದೃಢವಾದ ಕಾಷ್ಠವೂ ಇವೆ. ಹೂ ಬಿಳಿ, ಪಸಕಾನ ಎಂಬ ಹಣ್ಣು ತಿನ್ನಲು ಯೋಗ್ಯ.

ಬೇರೆ ಮರಗಳು ದುರ್ಲಭವಾದ ಆ ನಾಡಿನಲ್ಲಿ ಜನರು ಬಾಗಿಲು, ಛಾವಣಿ, ಪೀಠೋಪಕರಣಗಳಿಗೆ ಈ ಕಾಷ್ಠವನ್ನೇ ಅವಲಂಬಿಸಿದರು. ಸಾಲ್ಟ ಪ್ರಾಂತದಲ್ಲಿನ ಕಾಚಿ ಊರಿನ ಇಗರ್ಜಿಯ ಛಾವಣಿಯು ಇದಕ್ಕೆ ಸಾಕ್ಷಿ. ಹಲಗೆಯ ರಂಧ್ರಗಳೇ ಅದರ ಮೂಲವನ್ನು ಸಾರುತ್ತವೆ. ಆದರೆ ಕಾರ್ಡೋನಿನ ಬೆಳವಣಿಗೆ ಅತಿ ಮಂದ. ಕಡಿದುದರ ಸ್ಥಾನವನ್ನು ಮತ್ತೊಂದು ತುಂಬಲು ಹಲವು ತಲೆಮಾರುಗಳೇ ಬೇಕು. ಇವುಗಳ ರಕ್ಷಣೆಗಾಗಿ 1996ರಲ್ಲಿ ಅದೇ ಪ್ರಾಂತದಲ್ಲಿ ಲೋಸ್ ಕಾರ್ಡೋನೆಸ್ ರಾಷ್ಟ್ರೀಯ ಉದ್ಯಾನವು ಸ್ಥಾಪಿತವಾಯಿತು.