ಮನದ ಬೇಗೆಯೂ ಹೊಗೆಬತ್ತಿಯ ಬಯಕೆಯೂ

1856ರಲ್ಲಿ ದಕ್ಷಿಣ ಭಾರತದ ಪ್ರಥಮ ರೈಲು ಹೊರಟದ್ದು ನಮ್ಮ ರಾಯಪುರಂ ನಿಲ್ದಾಣದಿಂದ. ಅಂದಿನಿಂದ ಇಂದಿನವರೆಗೂ ಈ ಬಡಾವಣೆ ದುಡಿಮೆಗಾರರದು. ಬಂದರಿನ ಸರಕು ಸಾಗಣೆ, ಕಾಸಿಮೇಡಿನ ಮೀನುಗಾರಿಕೆ, ಬೀದಿಬೀದಿಯ ಹೋಟೆಲುಗಳು, ಇವೆಲ್ಲದರ ನಡುವೆ ಊರು ಬಿಟ್ಟು ಬಂದ ಕನ್ನಡಿಗರೂ ಬಾಳನ್ನು ಕಟ್ಟಿಕೊಂಡಿದ್ದಾರೆ. ಇಲ್ಲಿ ವೈದ್ಯವೃತ್ತಿ ನಡೆಸುತ್ತಿರುವ ನನಗೆ ಅವರ ಸುಖದುಃಖಗಳೊಡನೆ ಅವರ ಚಟಗಳೂ ಪರಿಚಿತ.

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ, ಕುಂದಾಪುರದ ಕಡೆಯ ಮಿತ್ರರೊಬ್ಬರು ಚಿಕಿತ್ಸಾಲಯದ ಬಾಗಿಲು ಮುಚ್ಚುವ ಹೊತ್ತಿಗೆ ಬಂದರು. ಹೋಟೆಲಿನ ಗಲ್ಲಾದ ಮೇಲೆ ಕೂರುವವರು. ಇಪ್ಪತ್ತು ವರ್ಷ ಸಿಗರೇಟು ಸೇದಿ, ಯುಗಾದಿಯ ದಿನ ಬಿಟ್ಟಿದ್ದರು. ತಲೆ ತಗ್ಗಿಸಿ ಕುಳಿತು ಹೇಳಿದರು: "ಡಾಕ್ಟ್ರೇ, ಎಂಟು ತಿಂಗಳು ಹಲ್ಲು ಕಚ್ಚಿ ಹಿಡಿದಿದ್ದೆ. ಊರಿನಿಂದ ಅಮ್ಮನಿಗೆ ಹುಷಾರಿಲ್ಲವೆಂಬ ಸುದ್ದಿ ಬಂದ ರಾತ್ರಿ ಒಂದೇ ನಿಮಿಷದಲ್ಲಿ ಎಲ್ಲ ಹೋಯಿತು. ಈಗ ಮೊದಲಿನಷ್ಟೇ ಸೇದುತ್ತಿದ್ದೇನೆ. ನನಗೆ ಮನೋಬಲವೇ ಇಲ್ಲ."

ನಿಜವಾಗಿಯೂ ಅದು ಮನೋಬಲದ ಕೊರತೆಯೇ? ಅವರಂತೆಯೇ ನೊಂದುಕೊಳ್ಳುವ ಅನೇಕರಿಗಾಗಿ ಈ ಪ್ರಶ್ನೆಯನ್ನು ಇಲ್ಲಿ ವಿವೇಚಿಸಲು ಬಯಸುತ್ತೇನೆ.

ನಿಕೋಟಿನ್ ಎಂಬ ಕಳ್ಳ ಬೀಗದ ಕೈ

ಹೊಗೆಯನ್ನು ಒಳಗೆಳೆದುಕೊಂಡ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ನಿಕೋಟಿನ್ ಶ್ವಾಸಕೋಶದಿಂದ ರಕ್ತಕ್ಕೂ ರಕ್ತದಿಂದ ಮಿದುಳಿಗೂ ತಲುಪುತ್ತದೆ. ನಮ್ಮ ನರಕೋಶಗಳು ಪರಸ್ಪರ ಸಂದೇಶ ಕಳುಹಿಸಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ವಸ್ತುವನ್ನು ಉಪಯೋಗಿಸುತ್ತವೆ. ಅದನ್ನು ಬರಮಾಡಿಕೊಳ್ಳಲು ನರಕೋಶಗಳ ಮೇಲೆ ಗ್ರಾಹಕಗಳೆಂಬ ಬೀಗಗಳಿರುತ್ತವೆ. ಆ ಬೀಗಗಳಲ್ಲಿ ಕೆಲವಕ್ಕೆ ನಿಕೋಟಿನ್ ಕಳ್ಳ ಬೀಗದ ಕೈಯಂತೆ ಹೊಂದಿಕೊಳ್ಳುತ್ತದೆ. ಆಗ ಡೋಪಮಿನ್ ಎಂಬ ಇನ್ನೊಂದು ವಸ್ತು ಸ್ರವಿಸಲ್ಪಟ್ಟು, ಹಿತವೆನಿಸುವ ಅನುಭವವುಂಟಾಗುತ್ತದೆ. "ಇದನ್ನು ಮತ್ತೆ ಮಾಡು" ಎಂಬ ಪಾಠವನ್ನು ಮಿದುಳು ಕಲಿಯುತ್ತದೆ.

ದಿನವೂ ಸೇದುವವರಲ್ಲಿ ಈ ಗ್ರಾಹಕಗಳ ಸಂಖ್ಯೆಯೇ ಹೆಚ್ಚುತ್ತದೆ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗಳಲ್ಲಿ ಅರ್ಧದಷ್ಟು ಇಳಿದುಹೋಗುವುದರಿಂದ, ಹೆಚ್ಚಿದ ಗ್ರಾಹಕಗಳು ಹಸಿದು ಕೂರುತ್ತವೆ. ಕಿರಿಕಿರಿ, ಚಡಪಡಿಕೆ, ಅನ್ಯಮನಸ್ಕತೆ ತೋರುವುದು ಈಗಲೇ. ಆತನಾದರೋ ಇದು ಕೆಲಸದ ಒತ್ತಡವೆಂದು ಭಾವಿಸಿ ಮತ್ತೊಂದನ್ನು ಹಚ್ಚುತ್ತಾನೆ. ಚಡಪಡಿಕೆ ಇಳಿಯುತ್ತದೆ. "ಸಿಗರೇಟು ಶಾಂತಿ ಕೊಟ್ಟಿತು" ಎನ್ನುತ್ತಾನೆ. ಆದರೆ ಆ ಅಶಾಂತಿಯ ಬಹುಭಾಗವನ್ನು ತಂದದ್ದು ಹಿಂದಿನ ಸಿಗರೇಟೇ! ಸಾಲ ಕೊಟ್ಟ ಸಾಹುಕಾರನ ಬಡ್ಡಿಯನ್ನು ತೀರಿಸಲು ಅವನಿಂದಲೇ ಮತ್ತೆ ಸಾಲ ತಂದಂತೆ. ಅಲ್ಲದೆ ನಿಕೋಟಿನ್ ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಮನಸ್ಸು ಶಾಂತವಾಯಿತೆಂದುಕೊಳ್ಳುವ ಹೊತ್ತಿನಲ್ಲಿ ದೇಹವು ಓಡುತ್ತಿರುತ್ತದೆ.

ಒತ್ತಡ ಬಂದಾಗ ಮಿದುಳಿನಲ್ಲಿ ನಡೆಯುವುದೇನು?

ಭಯ, ದುಃಖ, ಅವಮಾನ, ಹಣದ ಚಿಂತೆ, ಯಾವುದೇ ಬರಲಿ, ಮಿದುಳಿನ ತಳಭಾಗದ ಹೈಪೋಥಲಮಸ್ ಎಚ್ಚರದ ಗಂಟೆ ಬಾರಿಸುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಸ್ರವಿಸುತ್ತವೆ. ಹುಲಿಯಿಂದ ತಪ್ಪಿಸಿಕೊಳ್ಳಬೇಕಾಗಿದ್ದ ನಮ್ಮ ಪೂರ್ವಜರಿಗೆ ಇದು ವರದಾನವೇ ಆಗಿತ್ತು.

ಇಲ್ಲಿಯೇ ತೊಡಕೂ ಇದೆ. ಹಣೆಯ ಹಿಂದಿರುವ ಮಿದುಳಿನ ಮುಂಭಾಗವು ವಿವೇಚನೆಗೂ ಸಂಯಮಕ್ಕೂ ನೆಲೆ. "ಬೇಡ" ಎಂದು ಹೇಳುವ ಶಕ್ತಿ ಅಲ್ಲಿಯದು. ತೀವ್ರವಾದ ಒತ್ತಡದಲ್ಲಿ ಈ ಭಾಗದ ಕಾರ್ಯವೇ ಮೊದಲು ಮಂಕಾಗುತ್ತದೆ. ಭಾವಾವೇಗ ಮತ್ತು ಅಭ್ಯಾಸಗಳನ್ನು ನಡೆಸುವ ಒಳಭಾಗಗಳು ಮೇಲುಗೈ ಪಡೆಯುತ್ತವೆ. ಯಜಮಾನರು ಊರಿಗೆ ಹೋದಾಗ ಗಲ್ಲಾದ ಮೇಲೆ ಹಳೆಯ ಆಳು ಕುಳಿತು, ತನಗೆ ತಿಳಿದ ಒಂದೇ ರೀತಿಯಲ್ಲಿ ವ್ಯಾಪಾರ ನಡೆಸಿದ ಹಾಗೆ. ಇಪ್ಪತ್ತು ವರ್ಷ ಪ್ರತಿ ಸಂಕಟಕ್ಕೂ ಸಿಗರೇಟನ್ನೇ ಮದ್ದೆಂದು ಕಲಿತ ಮಿದುಳಿಗೆ ಆ ಗಳಿಗೆಯಲ್ಲಿ ಬೇರೆ ದಾರಿ ಹೊಳೆಯದು. ಸೇದುತ್ತಿದ್ದ ಸ್ಥಳ, ಚಹದ ವಾಸನೆ, ನಿದ್ದೆಗೆಟ್ಟ ರಾತ್ರಿ, ಇವೂ ಬಯಕೆಯನ್ನು ಕೆರಳಿಸುತ್ತವೆ.

ಆದುದರಿಂದ ನನ್ನ ಮಿತ್ರರು ದುರ್ಬಲರಾಗಿರಲಿಲ್ಲ. ಸಂಯಮವು ಅತ್ಯಂತ ಕ್ಷೀಣವಾಗಿದ್ದ ಹೊತ್ತಿನಲ್ಲಿ ಅದೊಂದನ್ನೇ ನಂಬಿ ನಿಂತಿದ್ದರು. ಅವರ ತಪ್ಪೇನಾದರೂ ಇದ್ದರೆ ಅದಿಷ್ಟೇ.

ಬಿಟ್ಟರೆ ಚಿಂತೆ ಹೆಚ್ಚುವುದೇ?

"ಇದನ್ನೂ ಬಿಟ್ಟರೆ ತಲೆ ಕೆಟ್ಟೀತು" ಎಂದು ಅಂಜುವವರುಂಟು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ 26 ಅಧ್ಯಯನಗಳ ಪರಿಶೀಲನೆಯೊಂದು ಪ್ರಕಟವಾಯಿತು. ಧೂಮಪಾನವನ್ನು ಬಿಟ್ಟವರಲ್ಲಿ, ಬಿಡದೆ ಮುಂದುವರಿಸಿದವರಿಗೆ ಹೋಲಿಸಿದರೆ, ಆತಂಕ, ಖಿನ್ನತೆ ಮತ್ತು ಒತ್ತಡಗಳು ಕಡಿಮೆಯಾಗಿದ್ದುದು ಅದರಿಂದ ತಿಳಿದುಬಂದಿತು. ಬಿಟ್ಟ ಮೊದಲ ವಾರ ಕಠಿಣ. ಮೂರು ನಾಲ್ಕು ವಾರಗಳಲ್ಲಿ ತೊಂದರೆಗಳು ಬಹಳಮಟ್ಟಿಗೆ ಇಳಿಯುತ್ತವೆ. ಹೆಚ್ಚಿದ್ದ ಗ್ರಾಹಕಗಳೂ ಕ್ರಮೇಣ ಮೊದಲಿನ ಸ್ಥಿತಿಗೆ ಮರಳುತ್ತವೆ.

ಬಿಡದಿದ್ದರೆ ಆಗುವುದೇನೆಂಬುದಕ್ಕೆ ನಮ್ಮ ನಗರವೇ ಸಾಕ್ಷಿ. ಡಾ. ವೇಂದನ್ ಗಜಲಕ್ಷ್ಮಿ ಮತ್ತು ಸಂಗಡಿಗರು ಚೆನ್ನೈ ನಗರದಲ್ಲಿಯೂ ವಿಲ್ಲುಪುರಂ ಜಿಲ್ಲೆಯ ಗ್ರಾಮಗಳಲ್ಲಿಯೂ ಮೃತರಾದ 43,000 ಪುರುಷರ ವಿವರಗಳನ್ನು 35,000 ಮಂದಿ ಜೀವಂತ ಪುರುಷರ ವಿವರಗಳೊಡನೆ ಹೋಲಿಸಿ, 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಭಾರತದಲ್ಲಿ ಕ್ಷಯದಿಂದ ಸಾಯುವ ಪುರುಷರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಸಾವಿಗೆ ಧೂಮಪಾನವು ಕಾರಣವೆಂದು ಅವರು ಕಂಡುಕೊಂಡರು. ಬೀಡಿ ಸಿಗರೇಟಿಗಿಂತ ಸೌಮ್ಯವೆಂಬ ನಂಬಿಕೆಗೂ ಆಧಾರವಿಲ್ಲ.

ಆಶಾದಾಯಕವಾದ ಮಾತೂ ಉಂಟು. ಬ್ರಿಟಿಷ್ ವೈದ್ಯರನ್ನು ಐವತ್ತು ವರ್ಷ ಗಮನಿಸಿದ ಸರ್ ರಿಚರ್ಡ್ ಡಾಲ್ ಮತ್ತು ಸಂಗಡಿಗರು 2004ರಲ್ಲಿ ತಿಳಿಸಿದಂತೆ, ಧೂಮಪಾನಿಗಳು ಸರಾಸರಿ 10 ವರ್ಷ ಮುಂಚಿತವಾಗಿ ಸಾಯುತ್ತಾರೆ; ಆದರೆ 40ರ ಸುಮಾರಿಗೆ ಬಿಟ್ಟವರು 9 ವರ್ಷಗಳನ್ನೂ, 60ರಲ್ಲಿ ಬಿಟ್ಟವರು 3 ವರ್ಷಗಳನ್ನೂ ಮರಳಿ ಪಡೆಯುತ್ತಾರೆ.

ಮಾಡಬೇಕಾದುದೇನು?

ಒತ್ತಡ ಬಂದ ಮೇಲೆ ಯೋಚಿಸಿದರಾಯಿತೆಂದು ಕೂರದೆ, ಶಾಂತವಾಗಿರುವಾಗಲೇ ವ್ಯವಸ್ಥೆ ಮಾಡಿಕೊಳ್ಳಬೇಕು. ಯಾವ ಹೊತ್ತಿನಲ್ಲಿ, ಯಾವ ಚಿಂತೆಗೆ ಸೇದುತ್ತೇವೆಂಬುದನ್ನು ಒಂದು ವಾರ ಚೀಟಿಯಲ್ಲಿ ಬರೆದಿಡಿ. ಬಯಕೆಯ ಒಂದೊಂದು ಅಲೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಅಷ್ಟು ಹೊತ್ತು ನಡೆದಾಡಿ, ನೀರು ಕುಡಿಯಿರಿ, ನಿಧಾನವಾಗಿ ದೀರ್ಘಶ್ವಾಸ ತೆಗೆದುಕೊಳ್ಳಿ. ಅಪರಾತ್ರಿಯಲ್ಲಿಯೂ ಮಾತನಾಡಬಹುದಾದ ಒಬ್ಬರ ಹೆಸರನ್ನು ಗೊತ್ತುಮಾಡಿಟ್ಟುಕೊಳ್ಳಿ. ನಿದ್ದೆಯನ್ನು ಕೆಡಿಸಿಕೊಳ್ಳಬೇಡಿ. ನಿಕೋಟಿನ್ ಗಮ್ ಮೊದಲಾದ ಔಷಧಗಳು ನೆರವಾಗುತ್ತವೆ. ವೈದ್ಯರ ಸಲಹೆಯಂತೆ ಬಳಸಿರಿ. 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಶುಲ್ಕವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಈ ಸೇವೆಯಲ್ಲಿ ಪಾಲ್ಗೊಂಡಿದೆ.

ಮನೆಯವರಲ್ಲಿ ಒಂದು ಬಿನ್ನಹ. ಜಾರಿದವರನ್ನು ಹಂಗಿಸಬೇಡಿ. ಹಂಗಿನ ನುಡಿಯೂ ಒತ್ತಡವೇ. ಅದು ಅವರನ್ನು ಮತ್ತೆ ಪೆಟ್ಟಿಗೆ ಅಂಗಡಿಯತ್ತಲೇ ತಳ್ಳುವುದು.

ನನ್ನ ಮಿತ್ರರು ಎರಡನೆಯ ಸಲ ಬಿಟ್ಟಾಗ ಇಂತಹ ಚೀಟಿಯೊಂದನ್ನು ಬರೆದು ಗಲ್ಲಾದ ಒಳಗಿಟ್ಟುಕೊಂಡರು. ಮರುವರ್ಷ ಅವರ ತಾಯಿ ತೀರಿಕೊಂಡರು. ಆ ರಾತ್ರಿ ಹನ್ನೊಂದೂವರೆಗೆ ನನ್ನ ದೂರವಾಣಿ ಬಾರಿಸಿತು. "ಡಾಕ್ಟ್ರೇ, ಸ್ವಲ್ಪ ಹೊತ್ತು ಮಾತಾಡುತ್ತಿರಿ, ಸಾಕು" ಎಂದರು. ಮಾತನಾಡಿದೆವು. ಬೆಳಗಿನ ರೈಲಿಗೆ ಊರಿಗೆ ಹೊರಟರು. ಅವರ ಜೇಬಿನಲ್ಲಿ ಸಿಗರೇಟು ಇರಲಿಲ್ಲ.