ಕಾಂಡ್ಲಾ ಕೆಸರಿಗೆ ಎರಡು ಪ್ರಶ್ನೆ

ನೀರು ಇಳಿದ ಹೊತ್ತಿನಲ್ಲಿ ಹೊನ್ನಾವರದ ಶರಾವತಿ ದಂಡೆಗೆ ಹೋಗಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಒಂದು ಕೋಲು ಚುಚ್ಚಿ ತೆಗೆಯಿರಿ. ಕೆಸರಿನ ಮೇಲ್ಪದರ ಕಂದು-ಹಸಿರು. ಅದರಡಿ ಕಾಡಿಗೆಯಂಥ ಕಪ್ಪು, ಜೊತೆಗೆ ಕೊಳೆತ ಮೊಟ್ಟೆಯ ನಾತ. ಹೊಲಸೆಂದು ಮೂಗು ಮುಚ್ಚಿಕೊಳ್ಳುವವರೇ ಹೆಚ್ಚು. ಆದರೆ ಆ ಬಣ್ಣ, ಆ ನಾತ ಎರಡೂ ಅಸಂಖ್ಯ ಸೂಕ್ಷ್ಮಜೀವಿಗಳು ಉಂಡು ಉಸಿರಾಡಿದ ಗುರುತು.

ಜೀವಿ ಯಾವುದಾದರೂ ಅದಕ್ಕೆ ಮೈ ಕಟ್ಟಲು ಇಂಗಾಲ ಬೇಕು, ಕಟ್ಟುವ ಕೆಲಸಕ್ಕೆ ಶಕ್ತಿ ಬೇಕು. ನಮಗೆ ಎರಡೂ ಒಂದೇ ಊಟದಲ್ಲಿ ಸಿಗುವುದರಿಂದ ಅವು ಬೇರೆ ಬೇರೆ ಎಂಬುದು ಹೊಳೆಯುವುದೇ ಇಲ್ಲ. ಸೂಕ್ಷ್ಮಜೀವಿಗಳ ವಿಷಯದಲ್ಲಿ ಮಾತ್ರ ಎರಡು ಪ್ರಶ್ನೆ ಬಿಡಿಬಿಡಿಯಾಗಿ ಕೇಳಬೇಕು. ಶಕ್ತಿ ಬಿಸಿಲಿನದೋ, ರಾಸಾಯನಿಕಗಳದೋ? ಇಂಗಾಲವನ್ನು ಇಂಗಾಲದ ಡೈಆಕ್ಸೈಡಿನಿಂದ ತಾನೇ ಎಳೆದುಕೊಳ್ಳುತ್ತದೋ, ಬೇರೆ ಜೀವಿ ಮಾಡಿಟ್ಟದ್ದನ್ನು ತಿನ್ನುತ್ತದೋ? ಎರಡರ ಉತ್ತರ ಕೂಡಿಸಿದರೆ ನಾಲ್ಕು ಬಗೆಯ ಬದುಕು.

ಮೇಲ್ಪದರದ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ಮತ್ತು ನೀಲಿ-ಹಸಿರು ಬ್ಯಾಕ್ಟೀರಿಯಾಗಳ ಉತ್ತರ ಸರಳ: ಶಕ್ತಿ ಬಿಸಿಲಿನದು, ಇಂಗಾಲ ಡೈಆಕ್ಸೈಡಿನದು. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಾಚೆ, ನೇತ್ರಾಣಿ ದ್ವೀಪದ ಹವಳಗಳ ಮೈಯೊಳಗೆ ಸೇರಿಕೊಂಡಿರುವ ಪಾಚಿಗಳೂ ಹೀಗೆಯೇ ಬದುಕುತ್ತವೆ. ತಾವು ಮಾಡಿದ ಆಹಾರದಲ್ಲಿ ದೊಡ್ಡ ಪಾಲನ್ನು ಹವಳಕ್ಕೇ ಕೊಡುತ್ತವೆ.

ಕಪ್ಪು ಪದರದ ಕಥೆ ಇದಕ್ಕಿಂತ ದೊಡ್ಡದು. ಶಕ್ತಿಗೂ ಇಂಗಾಲಕ್ಕೂ ಉದುರಿದ ಕಾಂಡ್ಲಾ ಎಲೆಗಳನ್ನೇ ತಿನ್ನುವ ಬ್ಯಾಕ್ಟೀರಿಯಾಗಳು ಕೆಸರಿನ ಆಮ್ಲಜನಕವನ್ನು ಕೆಲವೇ ಮಿಲಿಮೀಟರ್ ಆಳದಲ್ಲಿ ಮುಗಿಸಿಬಿಡುತ್ತವೆ. ಅದರಾಚೆ ಉಸಿರಾಟಕ್ಕೆ ಏನಿದೆ? ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ನಾವು ಆಮ್ಲಜನಕ ಬಳಸುವ ಕಡೆ ಕೆಲವು ಬ್ಯಾಕ್ಟೀರಿಯಾಗಳು ಈ ಸಲ್ಫೇಟನ್ನೇ ಬಳಸಿ, ಹೈಡ್ರೋಜನ್ ಸಲ್ಫೈಡನ್ನು ಹೊರಬಿಡುತ್ತವೆ. ನಾತ ಅದರದ್ದು. ಅದು ಮಣ್ಣಿನ ಕಬ್ಬಿಣದೊಡನೆ ಕೂಡಿದಾಗ ಕೆಸರು ಕಪ್ಪಾಗುತ್ತದೆ. ಈ ಉಸಿರಾಟದಲ್ಲಿ ಸಿಗುವ ಶಕ್ತಿ ಆಮ್ಲಜನಕದಲ್ಲಿ ಸಿಗುವುದಕ್ಕಿಂತ ಬಹಳ ಕಡಿಮೆ. ಆದರೂ ಬದುಕಿಗೆ ಸಾಕು.

ಸಲ್ಫೇಟೂ ಇಲ್ಲದ ಕಡೆ ಮೀಥೇನ್ ಮಾಡುವ, ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳ ಸರದಿ. ಹಿತ್ತಲ ಗೋಬರ್ ಗ್ಯಾಸ್ ಗುಂಡಿಯಲ್ಲಿ ಒಲೆಗೆ ಅನಿಲ ಮಾಡಿಕೊಡುವವು ಇವೇ. ಕುಮಟಾದ ಅಘನಾಶಿನಿ ದಂಡೆಯಲ್ಲಿ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳಲ್ಲಿ ಈ ಸರದಿ ಋತುವಿನೊಡನೆ ಬದಲಾಗುವಂಥದ್ದು. ಉಪ್ಪುನೀರಿದ್ದಾಗ ಸಲ್ಫೇಟಿನವು ಮುಂದು. ಮಳೆಯ ಸಿಹಿನೀರು ಉಪ್ಪನ್ನು ತೊಳೆದಾಗ ಮೀಥೇನಿನವುಗಳಿಗೆ ಅವಕಾಶ.

ಒಬ್ಬರ ಕಸ ಇನ್ನೊಬ್ಬರ ಇಂಧನ. 1887ರಲ್ಲಿ ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೋಗ್ರಾಡ್‌ಸ್ಕಿ, ಬೆಗ್ಗಿಯಾಟೋವಾ ಎಂಬ ಬ್ಯಾಕ್ಟೀರಿಯ ಆ ನಾತದ ಅನಿಲವನ್ನೇ ಉರಿಸಿ ಶಕ್ತಿ ಪಡೆಯುತ್ತದೆಂದು ತೋರಿಸಿದರು. ಮುಂದೆ 1890ರ ಹೊತ್ತಿಗೆ, ಅಮೋನಿಯದಿಂದ ಶಕ್ತಿ ಪಡೆದು ಡೈಆಕ್ಸೈಡಿನಿಂದ ಮೈ ಕಟ್ಟುವ ಮಣ್ಣಿನ ಬ್ಯಾಕ್ಟೀರಿಯಾಗಳನ್ನೂ ಗುರುತಿಸಿದರು. ಬಿಸಿಲೂ ಬೇಡ, ಬೇಯಿಸಿದ ಅನ್ನವೂ ಬೇಡ! ತೋಟಕ್ಕೆ ಹಾಕಿದ ಗೊಬ್ಬರದ ಅಮೋನಿಯ ನೈಟ್ರೇಟ್ ಆಗುವುದು ಇಂಥವುಗಳಿಂದಲೇ.

ನಾಲ್ಕನೆಯ ಬಗೆಗೆ ಸಾಣಿಕಟ್ಟೆಯಂಥ ಉಪ್ಪಿನ ಆಗರಗಳನ್ನು ನೆನೆಯಬೇಕು. ಉಪ್ಪು ಹರಳುಗಟ್ಟುವಷ್ಟು ಗಟ್ಟಿಯಾದ ನೀರಿಗೆ ನಸುಗೆಂಪು ತರುವ ಜೀವಿಗಳಲ್ಲಿ ಹ್ಯಾಲೋಬ್ಯಾಕ್ಟೀರಿಯಂ ಒಂದು. ಬಿಸಿಲು ಹಿಡಿಯುವ ಅದರ ನೇರಳೆ ಪ್ರೋಟೀನು 1971ರಲ್ಲಿ ಬೆಳಕಿಗೆ ಬಂತು. ಬಿಸಿಲಿನಿಂದ ಶಕ್ತಿ ಪಡೆದರೂ ಅದಕ್ಕೆ ಡೈಆಕ್ಸೈಡಿನಿಂದ ಅಡುಗೆ ಮಾಡಲು ಬಾರದು. ಇಂಗಾಲಕ್ಕೆ ಸತ್ತ ಜೀವಿಗಳ ಅವಶೇಷವೇ ಗತಿ.

ಇದರಲ್ಲಿ ಹೆಚ್ಚಿನದನ್ನು ಮನೆಯಲ್ಲೇ ನೋಡಬಹುದು. ದಾರಿ ಹಾಕಿಕೊಟ್ಟವರೂ ವಿನೋಗ್ರಾಡ್‌ಸ್ಕಿಯೇ. ಪಾರದರ್ಶಕ ಬಾಟಲಿಯ ತಳಕ್ಕೆ, ಹರಿದ ಕಾಗದದ ಚೂರು ಮತ್ತು ಬೇಯಿಸಿದ ಮೊಟ್ಟೆಯ ಹಳದಿ ಕಲಸಿದ ಕೆಸರು ಹಾಕಿ. ಕಾಗದ ಇಂಗಾಲಕ್ಕೆ, ಹಳದಿ ಗಂಧಕಕ್ಕೆ. ಮೇಲೆ ಬರಿಯ ಕೆಸರು, ಅದರ ಮೇಲೆ ಎರಡು ಬೆರಳು ಹೊಳೆಯ ನೀರು. ಮುಚ್ಚಳ ಸಡಿಲವಿರಲಿ, ಒಳಗಿನ ಅನಿಲ ಹೋಗಬೇಕು. ಸುಡುಬಿಸಿಲು ಬೀಳದ, ಬೆಳಕು ಚೆನ್ನಾಗಿರುವ ಕಿಟಕಿಯಲ್ಲಿಟ್ಟು ಅಲುಗಾಡಿಸದೆ ಬಿಡಿ. ಕೆಲವು ವಾರಗಳಲ್ಲಿ ತಳ ಕಪ್ಪಾಗುತ್ತದೆ, ಮೇಲೆ ಹಸಿರು ಕಟ್ಟುತ್ತದೆ. ನಡುವೆ ನೇರಳೆ ಕಲೆ ಮೂಡಿದರೆ ಅದು ನೀರಿನ ಬದಲು ಹೈಡ್ರೋಜನ್ ಸಲ್ಫೈಡ್ ಬಳಸಿ ಬಿಸಿಲಲ್ಲಿ ಅಡುಗೆ ಮಾಡುವ ಬ್ಯಾಕ್ಟೀರಿಯ. ಕರಾವಳಿಯ ಶಾಲೆಗಳ ವಿಜ್ಞಾನದ ಮೇಷ್ಟ್ರುಗಳು ಇದನ್ನೊಮ್ಮೆ ಮಕ್ಕಳಿಂದ ಮಾಡಿಸಿ, ಬಾಟಲಿಯ ಮೇಲೆ ತಾರೀಖು ಬರೆಸಿಡಿ.