ಹಳೆಯ ದೇವಾಲಯವನ್ನು ಉಳಿಸಿಕೊಂಡ ಆರ್ಸ್ ಗ್ರಾಮ

ಫ್ರಾನ್ಸ್ ದೇಶದ ಲಿಯಾನ್ ನಗರದಿಂದ ಉತ್ತರಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಸೋನ್ ನದಿಯತ್ತ ಹರಿಯುವ ಫೊರ್ಮಾನ್ ಎಂಬ ಸಣ್ಣ ಹೊಳೆಯ ಬದಿಯಲ್ಲಿ ಆರ್ಸ್ ಗ್ರಾಮವಿದೆ. ಇಂದಿಗೂ ಅಲ್ಲಿನ ಜನಸಂಖ್ಯೆ ಸುಮಾರು ಒಂದೂವರೆ ಸಾವಿರ ಮಾತ್ರ. ಆದರೆ ವರ್ಷಂಪ್ರತಿ ಅಲ್ಲಿಗೆ ಬರುವ ಯಾತ್ರಿಕರು ಲಕ್ಷಾಂತರ. ಧರ್ಮಕೇಂದ್ರಗಳ ಗುರುಗಳ ಪಾಲಕರಾದ ಸಂತ ಜಾನ್ ಮರಿಯ ವಿಯಾನ್ನಿಯವರ ಕರ್ಮಭೂಮಿ ಇದೇ.

ಆರ್ಸ್ ಇರುವುದು ದೊಂಬ್ ಎಂಬ ಪ್ರಸ್ಥಭೂಮಿಯ ಪಶ್ಚಿಮದ ಅಂಚಿನಲ್ಲಿ. ಅಲ್ಲಿಯದು ನೀರು ಇಂಗದ ಜೇಡಿಮಣ್ಣು. ಮಳೆಗಾಲ ಕಳೆದರೂ ಕೆಸರು ಆರದ ಆ ನೆಲದಲ್ಲಿ ಮಧ್ಯಯುಗದಿಂದಲೇ ಜನರು ಏರಿ ಕಟ್ಟಿ ಕೆರೆಗಳನ್ನು ನಿರ್ಮಿಸಿದರು. ಅಂಥ ಸಾವಿರದಷ್ಟು ಕೆರೆಗಳು ದೊಂಬ್ ಸೀಮೆಯಲ್ಲಿ ಇಂದಿಗೂ ಇವೆ. ಕೆಲವು ವರ್ಷ ನೀರು ತುಂಬಿಸಿ ಮೀನು ಸಾಕುವುದು, ಬಳಿಕ ನೀರನ್ನು ಬಿಟ್ಟು ಅದೇ ತಳದಲ್ಲಿ ಧಾನ್ಯ ಬಿತ್ತುವುದು ಅಲ್ಲಿನ ಪುರಾತನ ಕೃಷಿಪದ್ಧತಿ. ಕಲ್ಲು ವಿರಳವಾದುದರಿಂದ ಮಣ್ಣನ್ನು ದಮ್ಮಸ್ಸು ಮಾಡಿದ ಗೋಡೆ ಮತ್ತು ಇಟ್ಟಿಗೆಗಳಿಂದಲೇ ಮನೆಗಳನ್ನು ಕಟ್ಟಿಕೊಳ್ಳುತ್ತಿದ್ದರು.

1818ರಲ್ಲಿ ವಿಯಾನ್ನಿಯವರು ಇಲ್ಲಿಗೆ ಬಂದಾಗ ಗ್ರಾಮದಲ್ಲಿದ್ದವರು ಸುಮಾರು 230 ಜನ. ಫ್ರೆಂಚ್ ಕ್ರಾಂತಿಯ ಬಿರುಗಾಳಿಗೆ ಸಿಲುಕಿದ ಧರ್ಮಸಭೆ ಆಗಷ್ಟೇ ಚೇತರಿಸಿಕೊಳ್ಳುತ್ತಿತ್ತು. ಮಧ್ಯಯುಗದ ಸಣ್ಣ ದೇವಾಲಯವೊಂದು ಊರಿನ ನಡುವೆ ಇತ್ತು. ಗುರುಗಳು ಅದನ್ನು ಕೆಡವಲಿಲ್ಲ. ಇಟ್ಟಿಗೆಯ ಗಂಟೆಗೋಪುರವನ್ನು ಕಟ್ಟಿಸಿದರು, ಪಕ್ಕಗಳಲ್ಲಿ ಒಂದೊಂದಾಗಿ ಪುಟ್ಟ ಪ್ರಾರ್ಥನಾಲಯಗಳನ್ನು ಸೇರಿಸಿದರು. ಬಡ ಹೆಣ್ಣುಮಕ್ಕಳಿಗಾಗಿ 1824ರಲ್ಲಿ 'ಪ್ರಾವಿಡೆನ್ಸ್' ಎಂಬ ಶಾಲೆಯನ್ನು ತೆರೆದರು. ಮುಂದೆ ಅದು ಅನಾಥ ಬಾಲಕಿಯರ ಆಶ್ರಯವೂ ಆಯಿತು.

ಕ್ರಮೇಣ ಅವರ ಬಳಿ ಪಾಪನಿವೇದನೆಗಾಗಿ ಬರುವವರ ಸಂಖ್ಯೆ ಊರಿನ ಜನರ ಸಂಖ್ಯೆಯನ್ನು ಎಷ್ಟೋ ಪಾಲು ಮೀರಿತು. ಲಿಯಾನ್‌ನಿಂದ ಯಾತ್ರಿಕರನ್ನು ತರಲು ಕುದುರೆಗಾಡಿಗಳು ಓಡಾಡತೊಡಗಿದವು. ದಿನಕ್ಕೆ ಹತ್ತು ಹನ್ನೆರಡು ಗಂಟೆಗಳಿಗೂ ಮಿಗಿಲಾಗಿ ಅವರು ಪಾಪನಿವೇದನಾ ಪೀಠದಲ್ಲಿಯೇ ಇರುತ್ತಿದ್ದರು. ಏಕಾಂತವನ್ನು ಬಯಸಿ 1843ರಲ್ಲಿಯೂ 1853ರಲ್ಲಿಯೂ ಊರನ್ನು ಬಿಟ್ಟು ಹೊರಟರು; ಎರಡು ಬಾರಿಯೂ ಜನರ ನಡುವೆಯೇ ಉಳಿಯಬೇಕಾಯಿತು. ನಲವತ್ತೊಂದು ವರ್ಷಗಳ ಸೇವೆಯ ಬಳಿಕ 1859ರ ಆಗಸ್ಟ್ 4ರಂದು ಅಲ್ಲಿಯೇ ದೈವಾಧೀನರಾದರು.

ಬರುವ ಜನಸ್ತೋಮಕ್ಕೆ ಆ ಪುಟ್ಟ ದೇವಾಲಯ ಸಾಲದು ಎಂಬುದು ನಿಜವಾಗಿತ್ತು. ಅದನ್ನು ನೆಲಸಮಗೊಳಿಸಿ ಭವ್ಯವಾದುದೊಂದನ್ನು ಎಬ್ಬಿಸುವುದು ಸುಲಭದ ದಾರಿ. ಆದರೆ 1862ರಲ್ಲಿ ಆರಂಭವಾದ ಕೆಲಸದಲ್ಲಿ, ಮುಂದೆ ಲಿಯಾನ್‌ನ ಫುರ್ವಿಯೇರ್ ಬೆಸಿಲಿಕವನ್ನು ರೂಪಿಸಿದ ಶಿಲ್ಪಿ ಪಿಯೇರ್ ಬೊಸ್ಸಾಂ ಬೇರೆ ದಾರಿ ಹಿಡಿದರು. ಹಳೆಯ ಸಭಾಂಗಣವನ್ನೂ ಗಂಟೆಗೋಪುರವನ್ನೂ ಹಾಗೆಯೇ ಉಳಿಸಿ, ಅದರ ಹಿಂಬದಿಗೆ ಗುಮ್ಮಟವುಳ್ಳ ಹೊಸ ಬೆಸಿಲಿಕವನ್ನು ಜೋಡಿಸಿದರು. ಸಂತರ ಪಾರ್ಥಿವ ಶರೀರವಿರುವ ಬೆಸಿಲಿಕಕ್ಕೆ ಹೋಗಬೇಕಾದರೆ ಯಾತ್ರಿಕರು ಇಂದಿಗೂ ಆ ಬಡ ಹಳ್ಳಿಯ ದೇವಾಲಯವನ್ನು ಹಾದುಹೋಗುತ್ತಾರೆ. ಸಂತರು ಕುಳಿತ ಪಾಪನಿವೇದನಾ ಪೀಠವೂ ಅಲ್ಲಿಯೇ ಇದೆ. ಪಕ್ಕದ ಗುರುನಿವಾಸದಲ್ಲಿ ಅವರ ಅಡುಗೆಮನೆ ಮತ್ತು ಮಲಗುವ ಕೋಣೆಗಳನ್ನು ಕಾಪಾಡಲಾಗಿದೆ. ಇಪ್ಪತ್ತನೆಯ ಶತಮಾನದಲ್ಲಿ ಮತ್ತೊಂದು ವಿಶಾಲ ದೇವಾಲಯ ಬೇಕಾದಾಗ ಅದನ್ನು ನೆಲದಡಿಯಲ್ಲಿ ಕಟ್ಟಿದರು. ಹೀಗಾಗಿ ಊರಿನ ಹಳೆಯ ರೂಪಕ್ಕೆ ಭಂಗ ಬರಲಿಲ್ಲ.

1925ರಲ್ಲಿ ವಿಯಾನ್ನಿಯವರನ್ನು ಸಂತರೆಂದು ಘೋಷಿಸಲಾಯಿತು. 1986ರಲ್ಲಿ ಜಗದ್ಗುರು ದ್ವಿತೀಯ ಜಾನ್ ಪೌಲರು ಆರ್ಸ್‌ಗೆ ಯಾತ್ರೆ ಕೈಗೊಂಡರು. 1988ರಲ್ಲಿ ಬೆಲ್ಲೆ ಧರ್ಮಪ್ರಾಂತದ ಹೆಸರಿಗೆ ಆರ್ಸ್‌ನ ಹೆಸರೂ ಸೇರಿತು.

ಪ್ರತಿ ವರ್ಷ ಆಗಸ್ಟ್ 4ರಂದು ನಮ್ಮ ಧರ್ಮಕೇಂದ್ರಗಳಲ್ಲಿಯೂ ಈ ಸಂತರ ಸ್ಮರಣೆಯೊಡನೆ ಗುರುಗಳಿಗಾಗಿ ಪ್ರಾರ್ಥಿಸುತ್ತೇವೆ. ಅಂದು ಆರ್ಸ್‌ನ ಜನರನ್ನೂ ಒಮ್ಮೆ ನೆನೆಯುವುದು ಒಳಿತು. ನಮ್ಮ ಹಿರಿಯರು ಜ್ಞಾನಸ್ನಾನ ಪಡೆದ, ಮದುವೆಯಾದ, ಕಡೆಯ ಪಯಣಕ್ಕೆ ಮುನ್ನ ತಂಗಿದ ಹಳೆಯ ದೇವಾಲಯಗಳು ಇಂದು ಇಕ್ಕಟ್ಟಾಗಿ ತೋರಬಹುದು. ವಿಸ್ತರಿಸುವುದು ಅನಿವಾರ್ಯವೂ ಆಗಬಹುದು. ಆದರೆ ವಿಸ್ತರಿಸುವುದೆಂದರೆ ಅಳಿಸುವುದೇ ಆಗಬೇಕಿಲ್ಲ. ಒಂದು ಕೆಸರಿನ ಹಳ್ಳಿ ಇದನ್ನು ನೂರೈವತ್ತು ವರ್ಷಗಳಿಗೂ ಹಿಂದೆಯೇ ಮಾಡಿ ತೋರಿಸಿದೆ.